ಬಟಾಣಿ ತೋಟದಿಂದ ಬಣ್ಣದ ಪಟ್ಟೆಗಳವರೆಗೆ: ಅಕ್ಕನ ಜೊತೆ ಏಳು ದಿನ

ಮೊದಲ ದಿನ, ಮಂಗಳವಾರ: ಬ್ರನೋ

ವಿಯೆನ್ನಾದಿಂದ ಬ್ರನೋಗೆ ರೈಲಿನಲ್ಲಿ ಒಂದೂವರೆ ಗಂಟೆ ಅಷ್ಟೇ. ಜೂನ್ ಮೊದಲ ವಾರ. ಕಿಟಕಿಯಾಚೆ ಹಸಿರು ಗೋಧಿ ಹೊಲ, ಬದುವಿನುದ್ದಕ್ಕೂ ಕೆಂಪು ಗಸಗಸೆ ಹೂ. ಅಕ್ಕ ಗಾಜಿಗೆ ಹಣೆ ಒತ್ತಿ ಕೂತಿದ್ದಳು. "ಮದ್ದೂರು ದಾಟಿದ ಮೇಲೆ ಹೀಗೇ ಹಸಿರು ಅಲ್ವಾ?" ಅಂದಳು.

ಈ ಪ್ರವಾಸ ಅವಳ ಆಸೆ. ನಾನು ಮಂಡ್ಯದ ಕಡೆ ಒಂದು ಪಿಯು ಕಾಲೇಜಿನಲ್ಲಿ 24 ವರ್ಷದಿಂದ ಜೀವಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಪ್ರತಿ ವರ್ಷ ಮೆಂಡೆಲ್ ಅನ್ನುವ ಸನ್ಯಾಸಿಯ ಪಾಠ ಬಂದಾಗ, ತಂದೆ ತಾಯಿಯ ಗುಣ ಮಕ್ಕಳಿಗೆ ದಾಟುವ ಬಗೆಯನ್ನು ಕಪ್ಪು ಹಲಗೆ ಮೇಲೆ ನಾಲ್ಕು ಮನೆಯ ಚೌಕದಲ್ಲಿ ಬರೆದು, ಎರಡೇ ನಿಮಿಷದಲ್ಲಿ 3:1 ತೋರಿಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಅಕ್ಕನಿಗೆ ಸ್ತನ ಕ್ಯಾನ್ಸರ್ ಬಂತು. ಅಮ್ಮ ಅದೇ ಕಾಯಿಲೆಯಲ್ಲಿ 46ಕ್ಕೇ ಹೋಗಿದ್ದರಿಂದ ಡಾಕ್ಟರು ಅಕ್ಕನ ಜೀನ್ ಪರೀಕ್ಷೆ ಮಾಡಿಸಿದರು. ಬಿಆರ್‌ಸಿಎ2 ಅನ್ನುವ ಜೀನಿನಲ್ಲಿ ದೋಷ ಸಿಕ್ಕಿತು. ಆಮೇಲೆ ನನ್ನ ರಕ್ತವನ್ನೂ ಕಳಿಸಿದೆವು. ನನಗೆ ಆ ದೋಷ ಇಲ್ಲ ಅಂತ ಬಂತು. ಆ ರಾತ್ರಿ ಅಕ್ಕ ನನ್ನ ಪಠ್ಯಪುಸ್ತಕ ತೆಗೆದು ಚೌಕ ಹೇಳಿಕೊಡು ಅಂತ ಕೂತಳು. ಅವಳು ಓದಿದ್ದು ಕಾಮರ್ಸ್. ಅರ್ಥವಾದ ಮೇಲೆ ಕೇಳಿದ್ದು ಒಂದೇ ಮಾತು: "ಇದನ್ನ ಕಂಡುಹಿಡಿದ ಬಟಾಣಿ ಸ್ವಾಮಿಗಳ ಮಠ ಈಗಲೂ ಇದೆಯಾ?"

ಇದೆ. ಬ್ರನೋ ನಿಲ್ದಾಣದಿಂದ ಟ್ರಾಮ್ ಹಿಡಿದರೆ ಕೆಲವೇ ನಿಮಿಷ. ನಿಲ್ದಾಣದ ಹೆಸರೇ ಮೆಂಡ್ಲೋವೊ ನಾಮೆಸ್ತಿ, ಅಂದರೆ ಮೆಂಡೆಲ್ ಚೌಕ. ಇಳಿದ ಕೂಡಲೇ ಮಳೆ. ನಮ್ಮ ಕೊಡೆಗಳು ದೊಡ್ಡ ಪೆಟ್ಟಿಗೆಯ ತಳದಲ್ಲಿ. ಅಲ್ಲಿ ಜೂನ್‌ನಲ್ಲಿ ಬಿಸಿಲು ನೋಡಿ ನಂಬಬಾರದು, ಕೊಡೆ ಕೈಚೀಲದಲ್ಲೇ ಇರಬೇಕು. ಟ್ರಾಮ್ ತಂಗುದಾಣದಲ್ಲಿ ನಿಂತು ನೋಡಿದೆವು. ಎದುರಿಗೆ ಕೆಂಪು ಇಟ್ಟಿಗೆಯ ಎತ್ತರದ ಚರ್ಚು. 1323ರಲ್ಲಿ ಒಬ್ಬ ರಾಣಿ ಕಟ್ಟಿಸಲು ಶುರುಮಾಡಿದ್ದು. ಅದಕ್ಕೆ ಅಂಟಿಕೊಂಡೇ ಅಗಸ್ಟೀನಿಯನ್ ಮಠ. ಪಕ್ಕದಲ್ಲಿ ಬಿಯರ್ ಕಾರ್ಖಾನೆ. ಒದ್ದೆ ಗಾಳಿಯಲ್ಲಿ ಬೇಯಿಸಿದ ಧಾನ್ಯದ ವಾಸನೆ.

ರಾತ್ರಿ ಊಟಕ್ಕೆ ಒಂದು ಸಣ್ಣ ಹೋಟೆಲಿಗೆ ಹೋದೆವು. ಮೆನುವಿನಲ್ಲಿ ಬಟಾಣಿ ಸೂಪ್ ಇತ್ತು. ಅದಕ್ಕೆ ಹೊಗೆಯಲ್ಲಿ ಒಣಗಿಸಿದ ಮಾಂಸ ಹಾಕುವುದು ವಾಡಿಕೆ. ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು. ಬಡಿಸುವ ಹುಡುಗಿ ಒಳಗೆ ಹೋಗಿ ವಿಚಾರಿಸಿ ಬಂದು, ಮಾಂಸ ಹಾಕದೆ ಮಾಡಿಕೊಡುತ್ತೇವೆ ಅಂದಳು. ದಪ್ಪಗೆ, ಬಿಸಿಬಿಸಿಯಾಗಿ, ಮೇಲೆ ಹುರಿದ ಬ್ರೆಡ್ಡಿನ ಚೂರು. ಅಕ್ಕ ಚೀಲದಿಂದ ಚಟ್ನಿಪುಡಿ ತೆಗೆದು ಎರಡು ಚಿಟಿಕೆ ಉದುರಿಸಿದಳು. ಹೊರಗೆ ಮಳೆ ಬಿಡಲೇ ಇಲ್ಲ.

ಎರಡನೇ ದಿನ, ಬುಧವಾರ: ಮಠದ ಹಿತ್ತಲು

ಮಠದೊಳಗಿನ ಮೆಂಡೆಲ್ ಮ್ಯೂಸಿಯಂಗೆ ಸೋಮವಾರ ರಜೆ. ನಾವು ಮಂಗಳವಾರ ಬಂದಿಳಿದದ್ದು ಅದಕ್ಕೇ. ಬೆಳಗ್ಗೆ ಬೇಗ ಹೋದರೆ ಹೆಚ್ಚು ಜನ ಇರುವುದಿಲ್ಲ.

ಮೊದಲು ತೋಟಕ್ಕೆ ಹೋದೆವು. ಮೆಂಡೆಲ್ ಬಟಾಣಿ ಬೆಳೆದದ್ದು ಸುಮಾರು 35 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ಪಟ್ಟಿಯಲ್ಲಿ. ಅಲ್ಲೇ ನಿಂತು ಲೆಕ್ಕ ಹಾಕಿದೆ. ನಮ್ಮ 40–60 ಸೈಟಿಗಿಂತ ಒಂಚೂರು ದೊಡ್ಡದು, ಅಷ್ಟೇ! ಅಷ್ಟು ಜಾಗದಲ್ಲಿ, ಪಕ್ಕದ ಗಾಜಿನ ಮನೆಯಲ್ಲಿ, 1856ರಿಂದ 1863ರವರೆಗೆ ಎಂಟು ಬೇಸಿಗೆ. ಒಟ್ಟು 28,000ದಷ್ಟು ಗಿಡ. ಗಾಜಿನ ಮನೆಯ ಅಡಿಪಾಯ ಈಗಲೂ ಕಾಣುತ್ತದೆ. ಅವರು ಸಾಕಿದ ಜೇನಿನ ಮನೆಯೂ ಇದೆ.

ಬಟಾಣಿ ಹೂವಿನ ಕೆಲಸ ಎಷ್ಟು ನಾಜೂಕು ಅಂತ ಅಕ್ಕನಿಗೆ ಹೇಳಬೇಕಿತ್ತು. ಬಟಾಣಿ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಕೆಳಗಿನ ಎರಡು ಎಸಳು ದೋಣಿಯ ಹಾಗೆ ಕೂಡಿಕೊಂಡು ಒಳಗಿನದನ್ನೆಲ್ಲ ಮುಚ್ಚಿಟ್ಟಿರುತ್ತವೆ. ಎರಡು ತಳಿ ಬೆರೆಸಬೇಕಾದರೆ ಮೊಗ್ಗು ಬಲಿಯುವ ಮೊದಲೇ ಆ ದೋಣಿ ಬಿಡಿಸಬೇಕು. ಚಿಮಟದಿಂದ ಹತ್ತೂ ಕೇಸರಗಳನ್ನು ಒಂದೊಂದಾಗಿ ಕೀಳಬೇಕು. ಇನ್ನೊಂದು ಗಿಡದ ಪರಾಗ ತಂದು ಸವರಬೇಕು. ಆಮೇಲೆ ಬೇರೆ ಪರಾಗ ಬೀಳದ ಹಾಗೆ ಸಣ್ಣ ಚೀಲ ಕಟ್ಟಬೇಕು. ಒಂದು ಕೇಸರ ಉಳಿದರೂ ಆ ಹೂವಿನ ಲೆಕ್ಕ ಹಾಳು. ಕಾಲೇಜಿನಲ್ಲಿ ಒಮ್ಮೆ ಹುಡುಗರ ಕೈಲಿ ಮಾಡಿಸಿದ್ದೆ. ಮೂವತ್ತು ಹೂವಿನಲ್ಲಿ ನಾಲ್ಕು ಕಾಯಿ ಕಟ್ಟಿದವು.

ಆಗ ನನಗೆ ರಾಗಿ ಲಕ್ಷ್ಮಣಯ್ಯನವರ ನೆನಪಾಯಿತು. ರಾಗಿ ಹೂ ಬಟಾಣಿಗಿಂತ ಎಷ್ಟೋ ಪಾಲು ಸಣ್ಣದು. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಅವರು ಅದನ್ನೇ ಹಿಡಿದು, ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಅಪ್ಪ ಬೆಳೆದದ್ದು ಅದೇ ರಾಗಿ. ನಾವಿಬ್ಬರೂ ಬೆಳೆದದ್ದು ಅದೇ ಮುದ್ದೆ ತಿಂದು. ಇದನ್ನು ಹೇಳಿದ್ದೇ ತಡ, ಅಕ್ಕ ತೋಟದ ಕಡೆ ತಿರುಗಿ ಕೈಮುಗಿದಳು.

ಒಳಗೆ ಮ್ಯೂಸಿಯಂನಲ್ಲಿ ಮೆಂಡೆಲ್ ಜೀವನ ಓದುತ್ತಾ ಹೋದೆವು. 1822ರಲ್ಲಿ ಸೈಲೇಷಿಯಾದ ಒಂದು ಹಳ್ಳಿಯಲ್ಲಿ ರೈತನ ಮನೆಯಲ್ಲಿ ಹುಟ್ಟಿದ ಯೋಹಾನ್. ಅಪ್ಪನಿಗೆ ಪೆಟ್ಟಾಗಿ ದುಡಿಯಲು ಆಗದ ಹಾಗಾಯಿತು. ಓದು ನಿಲ್ಲುವ ಹೊತ್ತಿನಲ್ಲಿ ತಂಗಿ ತೆರೇಸಿಯಾ ತನ್ನ ಮದುವೆಗೆ ಅಂತ ಇಟ್ಟಿದ್ದ ಪಾಲಿನಿಂದ ಅಣ್ಣನ ಓದಿಗೆ ಕೊಟ್ಟಳು. ನಮ್ಮ ಕಡೆ ಬಡವರ ಮಕ್ಕಳು ಮಠದ ಹಾಸ್ಟೆಲ್ ಸೇರಿ ಓದಿದ ಹಾಗೇ ಅವರೂ 1843ರಲ್ಲಿ ಮಠ ಸೇರಿ ಗ್ರೆಗೋರ್ ಆದರು. ಮುಂದೆ ಆ ತಂಗಿಯ ಮೂವರು ಗಂಡುಮಕ್ಕಳ ಓದಿಗೆ ನೆರವಾದರು. ಅಕ್ಕ ತೆರೇಸಿಯಾ ಹೆಸರಿನ ಮುಂದೆ ತುಂಬ ಹೊತ್ತು ನಿಂತಿದ್ದಳು. ನನ್ನ ಎಂಎಸ್ಸಿ ಫೀಸಿಗೆ ಅವಳು ತನ್ನ ಬಳೆ ಅಡವಿಟ್ಟಿದ್ದಳು. ಇಬ್ಬರೂ ಆ ಮಾತು ಎತ್ತಲಿಲ್ಲ.

ಮೆಂಡೆಲ್ ಶಿಕ್ಷಕರ ಪರೀಕ್ಷೆಯಲ್ಲಿ 1850ರಲ್ಲಿ ಪಾಸಾಗಲಿಲ್ಲ. ಮಠದವರು ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಅಲ್ಲಿ ಡಾಪ್ಲರ್ ಹತ್ತಿರ ಭೌತಶಾಸ್ತ್ರ ಕಲಿತರು. ಆ ಕಾಲದಲ್ಲಿ ಗಿಡ ನೋಡುವವರು ಲೆಕ್ಕ ಇಡುತ್ತಿದ್ದದ್ದು ಕಡಿಮೆ. ಇವರು ಇಟ್ಟರು. ನುಣುಪು, ಸುಕ್ಕು ತಳಿ ಬೆರೆಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲ ನುಣುಪು. ಎರಡನೆಯದರಲ್ಲಿ ನುಣುಪು ಬೀಜ 5,474, ಸುಕ್ಕು ಬೀಜ 1,850. ಹಳದಿ 6,022, ಹಸಿರು 2,001. ಪ್ರತಿ ಸಲವೂ ಮೂರಕ್ಕೆ ಒಂದರ ಹತ್ತಿರ. ಮೊದಲ ಪೀಳಿಗೆಯಲ್ಲಿ ಮಾಯವಾದ ಸುಕ್ಕು ಸತ್ತಿರಲಿಲ್ಲ, ಅಡಗಿತ್ತು. ಮುಂದಿನ ಪೀಳಿಗೆಯಲ್ಲಿ ಹಾಗ್ ಹಾಗೇ ಎದ್ದು ಬಂತು. ಗುಣಗಳು ಹಾಲು ನೀರಿನ ಹಾಗೆ ಬೆರೆತು ಹೋಗುವುದಿಲ್ಲ. ಬಿಡಿಬಿಡಿ ಕಾಳಿನ ಹಾಗೆ ಒಬ್ಬರಿಂದ ಒಬ್ಬರಿಗೆ ದಾಟುತ್ತವೆ.

ನುಣುಪು, ಸುಕ್ಕು ಎರಡೂ ಒಂದೇ ಕಾಯಿಯಲ್ಲಿ ಇರುತ್ತಿದ್ದವು ಅಂತ ನಾನು ಹೇಳಿದಾಗ ಅಕ್ಕ ತಟ್ಟನೆ ಅಂದಳು: "ನಾನು, ನೀನು ಇದ್ದ ಹಾಗೆ." ತಂದೆ ತಾಯಿ ಇಬ್ಬರಿಂದಲೂ ನಮಗೆ ಬಿಆರ್‌ಸಿಎ2ರ ಒಂದೊಂದು ಪ್ರತಿ ಬರುತ್ತದೆ. ಅಮ್ಮನ ಎರಡು ಪ್ರತಿಯಲ್ಲಿ ಒಂದು ಕೆಟ್ಟಿದ್ದರೆ, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಅವಳಿಗೆ ಬಂತು. ನನಗೆ ಬರಲಿಲ್ಲ. ನಮ್ಮ ಕಡೆ ಇದನ್ನು ಮನೆತನದ ಶಾಪ ಅಂದವರಿದ್ದರು. ಅಲ್ಲ, ಅಷ್ಟೇ. ಅದು ಯಾರ ತಪ್ಪೂ ಅಲ್ಲ.

ಬಿಳಿ ಅಮೃತಶಿಲೆಯ ಪ್ರತಿಮೆಯ ಹತ್ತಿರ ಒಬ್ಬ ಅಜ್ಜಿ ಮೊಮ್ಮಗಳ ಜೊತೆ ಕೂತಿದ್ದರು. ಎಂಬತ್ತು ದಾಟಿರಬೇಕು. ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಅಜ್ಜಿ ಶಾಲೆಗೆ ಹೋಗುವಾಗ ಮೆಂಡೆಲ್ ಹೆಸರು ಹೇಳುವ ಹಾಗೇ ಇರಲಿಲ್ಲವಂತೆ. ಮೆಂಡೆಲ್ ನಿಯಮಗಳನ್ನು ಒಪ್ಪದ ಸೋವಿಯತ್ ದೇಶದ ಲೈಸೆಂಕೋ ಮಾತೇ ವಿಜ್ಞಾನ ಅನ್ನುವ ಕಾಲ ಅದು. 1910ರಲ್ಲಿ ಚೌಕದ ನಡುವೆ ನಿಲ್ಲಿಸಿದ್ದ ಈ ಪ್ರತಿಮೆಯನ್ನು ತೆಗೆದು ಮಠದ ಅಂಗಳಕ್ಕೆ ತಂದದ್ದೂ ಆಗಲೇ. "ನಮ್ಮಮ್ಮ ಮಾತ್ರ ಮನೆಯಲ್ಲಿ ಹೇಳಿಕೊಡುತ್ತಿದ್ದರು" ಅಂದರು ಅಜ್ಜಿ. ಅಕ್ಕನ ಗಿಡ್ಡ ಕೂದಲು ನೋಡಿ ಏನೋ ಕೇಳಿದರು. ಮೊಮ್ಮಗಳು ಅದನ್ನು ತಿರುಗಿಸಿ ಹೇಳಲಿಲ್ಲ. ಅಕ್ಕನೇ ತಲೆಯಾಡಿಸಿದಳು. ಅಜ್ಜಿ ಅವಳ ಕೈ ಹಿಡಿದುಕೊಂಡರು.

ಮಧ್ಯಾಹ್ನ ಊರಿನ ತರಕಾರಿ ಸಂತೆಗೆ ಹೋದೆವು. ಸಂತೆಯ ಹೆಸರಿನ ಅರ್ಥವೇ ಎಲೆಕೋಸಿನ ಸಂತೆ. ಹಸಿ ಬಟಾಣಿ ಬಂದಿತ್ತು. ಒಂದು ಪೊಟ್ಟಣ ಕೊಂಡು ಕಾರಂಜಿ ಹತ್ತಿರ ಕೂತು ಸುಲಿದು ತಿಂದೆವು. ಎಂಥ ಸಿಹಿ! ಈ ಸಿಹಿಗೂ ಸುಕ್ಕಿಗೂ ಸಂಬಂಧ ಇದೆ. ಹಸಿಯಾಗಿ ತಿನ್ನುವ ಸಿಹಿ ಬಟಾಣಿ ಒಣಗಿದರೆ ಸಾಮಾನ್ಯವಾಗಿ ಸುಕ್ಕಾಗುತ್ತದೆ. ಸಕ್ಕರೆಯನ್ನು ಕವಲೊಡೆದ ಪಿಷ್ಟವಾಗಿ ಕಟ್ಟುವ ಒಂದು ಕಿಣ್ವ ಅದರಲ್ಲಿ ಕೆಲಸ ಮಾಡುವುದಿಲ್ಲ. ಸಕ್ಕರೆ ಉಳಿಯುತ್ತದೆ, ಕಾಳು ಜಾಸ್ತಿ ನೀರು ಹೀರಿ ಊದುತ್ತದೆ, ಒಣಗುವಾಗ ಮುದುಡುತ್ತದೆ. ಆ ಕಿಣ್ವದ ಜೀನಿನ ನಡುವೆ ಡಿಎನ್ಎಯ ಬೇರೊಂದು ತುಂಡು ಬಂದು ಸೇರಿಕೊಂಡಿದೆ ಅಂತ ಗೊತ್ತಾದದ್ದು 1990ರಲ್ಲಿ. ಮೆಂಡೆಲ್ ಎಣಿಸಿ ನೂರಿಪ್ಪತ್ತು ವರ್ಷ ದಾಟಿದ ಮೇಲೆ.

ಸಂಜೆ ಯಾನ್ಸ್ಕಾ ಬೀದಿಗೆ ನಡೆದೆವು. 1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು ಮೆಂಡೆಲ್ ತಮ್ಮ ಕೆಲಸ ಓದಿ ಹೇಳಿದ ಶಾಲೆ ಇದ್ದದ್ದು ಅಲ್ಲೇ. ಮುಂದಿನ ವರ್ಷ ಅದು ಅಚ್ಚಾಯಿತು. 40 ಪ್ರತಿ ಮಾಡಿಸಿಕೊಂಡರು, ದೊಡ್ಡವರಿಗೆ ಕಳಿಸಿದರು. ಮ್ಯೂನಿಕ್‌ನ ಸಸ್ಯವಿಜ್ಞಾನಿ ನೇಗೆಲಿ ಒಬ್ಬರು ಪತ್ರ ಬರೆದರು, ಅವರಿಗೂ ಇದರ ತೂಕ ತಿಳಿಯಲಿಲ್ಲ. 1868ರಲ್ಲಿ ಮೆಂಡೆಲ್ ಮಠಾಧಿಪತಿಯಾದರು. ಆಮೇಲೆ ಸರ್ಕಾರದ ಜೊತೆ ತೆರಿಗೆ ಜಗಳದಲ್ಲೇ ವರ್ಷಗಳು ಕಳೆದವು. 1884ರಲ್ಲಿ ತೀರಿಕೊಂಡರು. ಲೋಕ ಆ ಪುಟಗಳನ್ನು ಮತ್ತೆ ತೆರೆದದ್ದು 1900ರಲ್ಲಿ.

ಮೂರನೇ ದಿನ, ಗುರುವಾರ: ರೈಲು, ರೈಲು

ಬ್ರನೋದಿಂದ, ಡಿಎನ್ಎ ಮೊದಲು ಸಿಕ್ಕ ಜರ್ಮನಿಯ ಟ್ಯೂಬಿಂಗನ್‌ಗೆ ಇಡೀ ದಿನದ ಪಯಣ. ಜರ್ಮನಿಯೊಳಗೆ ಒಂದು ಕಡೆ ರೈಲು ಬದಲಿಸಲು ಹತ್ತೇ ನಿಮಿಷ ಇಟ್ಟುಕೊಂಡಿದ್ದೆ. ಮೊದಲ ರೈಲು ತಡ, ಎರಡನೆಯದು ಹೋಗಿಬಿಟ್ಟಿತ್ತು. ಆ ಕಡೆ ಹೋಗುವವರು ನಡುವೆ ಮುಕ್ಕಾಲು ಗಂಟೆಯಾದರೂ ಇಟ್ಟುಕೊಳ್ಳಿ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ಹುರಿಹಿಟ್ಟಿಗೆ ಬೆಲ್ಲ ಕಲಸಿ ತಿಂದೆವು. ಪಕ್ಕದಲ್ಲಿದ್ದ ಕಾಲೇಜು ಹುಡುಗ ಏನದು ಅಂತ ಕೇಳಿದ. ಒಂದು ಉಂಡೆ ಕೊಟ್ಟೆವು. ತಿಂದು, "ಇದಕ್ಕೆ ಹೊಗೆಯ ರುಚಿ ಇದೆ" ಅಂದ. ಸರಿಯಾಗೇ ಹೇಳಿದ. ಟ್ಯೂಬಿಂಗನ್ ತಲುಪಿದಾಗ ರಾತ್ರಿ ಹತ್ತು. ಆಕಾಶದಲ್ಲಿ ಇನ್ನೂ ಬೆಳಕಿತ್ತು.

ನಾಲ್ಕನೇ ದಿನ, ಶುಕ್ರವಾರ: ಕೋಟೆಯ ಅಡುಗೆಮನೆ

ಟ್ಯೂಬಿಂಗನ್ ಹಳೇ ಊರು. ನೆಕಾರ್ ನದಿ, ಅದರಲ್ಲಿ ಉದ್ದ ಗಳ ಊರಿ ನಡೆಸುವ ದೋಣಿಗಳು, ದಂಡೆಯಲ್ಲಿ ಬಣ್ಣಬಣ್ಣದ ಮನೆ. ಕೋಟೆಗೆ ಹತ್ತುವ ದಾರಿ ಪೂರ್ತಿ ಗುಂಡುಕಲ್ಲು. ಚಪ್ಪಲಿ ಜಾರುತ್ತದೆ, ಬೂಟು ಹಾಕಿಕೊಂಡು ಬಂದರೆ ಒಳ್ಳೆಯದು. ಅಕ್ಕ ಮೂರು ಕಡೆ ನಿಂತು ಸುಧಾರಿಸಿಕೊಂಡಳು. ಆತುರ ಇರಲಿಲ್ಲ.

ಕೋಟೆಯ ಹಳೇ ಅಡುಗೆಮನೆ 19ನೇ ಶತಮಾನದಲ್ಲಿ ವಿಶ್ವವಿದ್ಯಾಲಯದ ರಸಾಯನ ಪ್ರಯೋಗಾಲಯ ಆಗಿತ್ತು. ಕಮಾನಿನ ಛಾವಣಿ, ದಪ್ಪ ಗೋಡೆ. ಒಳಗೆ ಕಾಲಿಟ್ಟರೆ ತಣ್ಣಗೆ. 1869ರಲ್ಲಿ ಇಲ್ಲಿ ಫ್ರೀಡ್ರಿಷ್ ಮೀಷರ್ ಕೆಲಸ ಮಾಡಿದರು. ಆಗ 24 ವರ್ಷ. ಕಾಯಿಲೆ ಬಿದ್ದು ಕಿವಿ ಮಂದವಾಗಿತ್ತು. ಹತ್ತಿರದ ಆಸ್ಪತ್ರೆಯಿಂದ ಗಾಯಕ್ಕೆ ಕಟ್ಟಿದ ಬಟ್ಟೆ ತರಿಸುತ್ತಿದ್ದರು. ಕೀವಿನಲ್ಲಿ ಬಿಳಿ ರಕ್ತಕಣ ಹೇರಳ. ಅದನ್ನು ತೊಳೆದು, ಬೆಚ್ಚಗಿನ ಆಲ್ಕೋಹಾಲಿನಲ್ಲಿ ಕೊಬ್ಬು ತೆಗೆದು, ಹಂದಿ ಹೊಟ್ಟೆಯ ಪೆಪ್ಸಿನ್ ಹಾಕಿ ಪ್ರೋಟೀನ್ ಕರಗಿಸಿದರೆ ಜೀವಕೋಶದ ನಡುವಿನ ಕೇಂದ್ರಗಳು ಮಾತ್ರ ಉಳಿದವು. ಅವುಗಳಿಂದ ಹೊಸದೊಂದು ವಸ್ತು ಸಿಕ್ಕಿತು. ಅದರಲ್ಲಿ ರಂಜಕ ಜಾಸ್ತಿ. ಗೊತ್ತಿದ್ದ ಯಾವ ಪ್ರೋಟೀನೂ ಹಾಗಿರಲಿಲ್ಲ. ಅದಕ್ಕೆ 'ನ್ಯೂಕ್ಲಿನ್' ಅಂತ ಹೆಸರಿಟ್ಟರು. ನಾವು ಇವತ್ತು ಡಿಎನ್ಎ ಅನ್ನುವುದು ಇದನ್ನೇ, ಜೀನುಗಳು ಇರುವುದು ಇದರಲ್ಲೇ. ಗುರು ಹೋಪ್ಪೆ-ಸೈಲರ್ ತಾವೇ ಮತ್ತೆ ಮಾಡಿ ನೋಡಿದ ಮೇಲೆ 1871ರಲ್ಲಿ ಪ್ರಕಟವಾಯಿತು.

ಅಲ್ಲಿ ಗಾಜಿನೊಳಗೆ ಒಂದು ಸಣ್ಣ ಸೀಸೆ ಇದೆ. ಮೀಷರ್ ಮುಂದೆ ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದ ನ್ಯೂಕ್ಲಿನ್. ಹಳೇ ಕೈಬರಹದ ಚೀಟಿ, ತಳದಲ್ಲಿ ಒಂದಿಷ್ಟು ಪುಡಿ. ನಾನು ಪಾಠದಲ್ಲಿ ನೂರು ಸಲ ಹೇಳಿದ್ದು ಕಣ್ಣೆದುರಿಗೆ ಇತ್ತು, ಬೆರಳಷ್ಟು ದೂರದಲ್ಲಿ. ಗಂಟಲು ಕಟ್ಟಿತು. ಅಕ್ಕ ಬೇರೇನನ್ನೋ ಯೋಚಿಸುತ್ತಿದ್ದಳು. ಆಪರೇಷನ್ ಆದ ಮೇಲೆ ಹದಿನೈದು ದಿನ ಅವಳ ಬ್ಯಾಂಡೇಜು ಬಿಚ್ಚಿ ಕಟ್ಟಿದವಳು ನಾನು. "ಯಾರೂ ಮುಟ್ಟದ ಬಟ್ಟೆಯನ್ನ ಎತ್ತಿಟ್ಟುಕೊಂಡರಲ್ಲ" ಅಂದಳು. "ಎಂಥ ಹುಡುಗ!"

ಬೆಟ್ಟ ಇಳಿದು ಕೆಸೆಶ್ಪೆಟ್ಸ್ಲೆ ತಿಂದೆವು. ಮೊಟ್ಟೆ ಹಾಕಿದ ಹಿಟ್ಟಿನ ಗಿಡ್ಡ ಶಾವಿಗೆಗೆ ಚೀಸ್ ಸುರಿದು, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಅಕ್ಕ ಮೊಟ್ಟೆ ತಿನ್ನುತ್ತಾಳೆ, ಹಾಗಾಗಿ ನಡೆಯಿತು. ಒಂದು ತಟ್ಟೆ ಇಬ್ಬರಿಗೂ ಸಾಕು. ಸಂಜೆ ಸ್ಟುಟ್‌ಗಾರ್ಟ್‌ನಿಂದ ಲಂಡನ್‌ಗೆ ವಿಮಾನ.

ಐದನೇ ದಿನ, ಶನಿವಾರ: ಲಂಡನ್, ಮುಚ್ಚಿದ ಬಾಗಿಲು

ಬೆಳಗ್ಗೆ ಎದ್ದ ಕೂಡಲೇ ಅಕ್ಕ ವಿಲ್ಸ್‌ಡನ್ ಸ್ಮಶಾನಕ್ಕೆ ಹೋಗೋಣ ಅಂದಳು. ಡಿಎನ್ಎಯ ಎಕ್ಸ್-ರೇ ಚಿತ್ರ ತೆಗೆದ ವಿಜ್ಞಾನಿ ರೋಸಲಿಂಡ್ ಫ್ರಾಂಕ್ಲಿನ್ ಸಮಾಧಿ ಇರುವುದು ಅಲ್ಲಿ. ಹೋದರೆ ಕಬ್ಬಿಣದ ಗೇಟು ಮುಚ್ಚಿತ್ತು. ಅದು ಯಹೂದಿಗಳ ಸ್ಮಶಾನ, ಶನಿವಾರ ಅವರಿಗೆ ಸಬ್ಬತ್, ವಾರದ ವಿಶ್ರಾಂತಿಯ ದಿನ. ನಾನು ಯೋಚಿಸಬೇಕಿತ್ತು. ನಾಯಿ ಜೊತೆ ನಡೆದು ಬರುತ್ತಿದ್ದ ಒಬ್ಬರು, "ನಾಳೆ ಬನ್ನಿ, ಭಾನುವಾರ ತೆರೆದಿರುತ್ತದೆ" ಅಂದರು.

ತಿರುಗಿ ಟ್ಯೂಬ್ ಹಿಡಿದು ಸೌತ್ ಕೆನ್ಸಿಂಗ್ಟನ್. ಡ್ರೇಟನ್ ಗಾರ್ಡನ್ಸ್‌ನಲ್ಲಿ ಡೊನೊವನ್ ಕೋರ್ಟ್ ಅನ್ನುವ ಇಟ್ಟಿಗೆ ಕಟ್ಟಡ. ಗೋಡೆ ಮೇಲೆ ನೀಲಿ ಫಲಕ: ಫ್ರಾಂಕ್ಲಿನ್ 1951ರಿಂದ 1958ರವರೆಗೆ ಇಲ್ಲಿದ್ದರು. ಇಲ್ಲಿಂದಲೇ ಅವರು ಸ್ಟ್ರ್ಯಾಂಡ್‌ನ ಕಿಂಗ್ಸ್ ಕಾಲೇಜಿಗೆ ಹೋಗುತ್ತಿದ್ದರು. ಕೆಲಸ ಡಿಎನ್ಎ ಎಳೆಗಳಿಗೆ ಎಕ್ಸ್-ರೇ ಹಾಯಿಸಿ ಚಿತ್ರ ತೆಗೆಯುವುದು.

ಆ ಕೆಲಸವನ್ನು ಅಕ್ಕನಿಗೆ ಮಳೆ ನಿಲ್ಲಲಿ ಅಂತ ಕಾಯುತ್ತಾ ಒಂದು ಕಾಫಿ ಅಂಗಡಿಯಲ್ಲಿ ಹೇಳಿದೆ. ಡಿಎನ್ಎ ಅಂಟನ್ನು ಎಳೆದರೆ ಕೂದಲಿಗಿಂತ ತೆಳ್ಳಗಿನ ದಾರ ಬರುತ್ತದೆ. ಅದನ್ನು ಬಿಗಿಯಾಗಿ ನಿಲ್ಲಿಸಿ, ಸುತ್ತ ಗಾಳಿಯ ತೇವ ಹದವಾಗಿ ಕಾಯ್ದುಕೊಂಡು, ಗಂಟೆಗಟ್ಟಲೆ ಎಕ್ಸ್-ರೇ ಬಿಡಬೇಕು. ತೇವ ಕಡಿಮೆಯಾದರೆ ಡಿಎನ್ಎ ಒಂದು ರೂಪ, ಜಾಸ್ತಿಯಾದರೆ ಇನ್ನೊಂದು. ಎರಡೂ ಬೆರೆತರೆ ಚಿತ್ರ ಕಲಸುಮೇಲೋಗರ. ಈ ಎರಡು ರೂಪಗಳನ್ನು ಬೇರೆ ಮಾಡಿದ್ದು ಫ್ರಾಂಕ್ಲಿನ್. 1952ರ ಮೇ ತಿಂಗಳಲ್ಲಿ ಅವರೂ ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಅವರೂ ತೆಗೆದ 51ನೇ ಚಿತ್ರದಲ್ಲಿ ಕಪ್ಪು ಚುಕ್ಕೆಗಳು ಗುಣಿಸು ಚಿಹ್ನೆಯ ಹಾಗೆ ಸಾಲಾಗಿ ಮೂಡಿದವು. ಬಲ್ಲವರಿಗೆ ಅದು ಸುರುಳಿ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಚುಕ್ಕೆಗಳ ನಡುವಿನ ಅಂತರದಿಂದ ಅಳತೆಯೂ ಸಿಗುತ್ತದೆ: ಒಂದು ಸುತ್ತಿಗೆ 3.4 ನ್ಯಾನೋಮೀಟರ್, ಮೆಟ್ಟಿಲಿನಿಂದ ಮೆಟ್ಟಿಲಿಗೆ 0.34.

1953ರ ಜನವರಿ ಕೊನೆಯಲ್ಲಿ ಅದೇ ಕಾಲೇಜಿನ ಮಾರಿಸ್ ವಿಲ್ಕಿನ್ಸ್ ಆ ಚಿತ್ರವನ್ನು ಕೇಂಬ್ರಿಡ್ಜ್‌ನಿಂದ ಬಂದಿದ್ದ ಜೇಮ್ಸ್ ವಾಟ್ಸನ್‌ಗೆ ತೋರಿಸಿದರು. ಫ್ರಾಂಕ್ಲಿನ್‌ಗೆ ಗೊತ್ತಿರಲಿಲ್ಲ. ಅವರ ಅಳತೆಗಳಿದ್ದ ವರದಿಯೂ ಕೇಂಬ್ರಿಡ್ಜ್ ತಲುಪಿತು. "ಕೇಳಿ ತಗೋಬಹುದಿತ್ತು ಅಲ್ವಾ?" ಅಂದಳು ಅಕ್ಕ. ಹೌದು. ಡಿಎನ್ಎ ರಚನೆ ಬಿಡಿಸಿದವರು ಅಂತ ನಾನೂ ಇಷ್ಟು ವರ್ಷ ಪಾಠದಲ್ಲಿ ವಾಟ್ಸನ್, ಕ್ರಿಕ್ ಎರಡೇ ಹೆಸರು ಹೇಳುತ್ತಿದ್ದೆ. ಈ ವರ್ಷದಿಂದ ಹಾಗೆ ಹೇಳುತ್ತಿಲ್ಲ.

ಮಧ್ಯಾಹ್ನ ಸೈನ್ಸ್ ಮ್ಯೂಸಿಯಂ. ವಾಟ್ಸನ್, ಕ್ರಿಕ್ ಕಟ್ಟಿದ ಡಿಎನ್ಎ ಮಾದರಿಯನ್ನು ಅವರ ಕಾಲದ ಕೆಲವು ಲೋಹದ ತಗಡುಗಳನ್ನೇ ಬಳಸಿ ಮತ್ತೆ ಜೋಡಿಸಿ ಇಟ್ಟಿದ್ದಾರೆ. ಆಳೆತ್ತರ. ಲ್ಯಾಬಿನ ಸ್ಟ್ಯಾಂಡು, ಕ್ಲ್ಯಾಂಪು, ಸರಳು. ನಮ್ಮ ಕಾಲೇಜು ಲ್ಯಾಬಿನಲ್ಲಿ ಇರುವಂಥವೇ. ಡಿಎನ್ಎಯ ನಾಲ್ಕು ಅಕ್ಷರಗಳಲ್ಲಿ ಎ ಎದುರಿಗೆ ಟಿ, ಜಿ ಎದುರಿಗೆ ಸಿ. ಒಂದು ಎಳೆ ಗೊತ್ತಿದ್ದರೆ ಇನ್ನೊಂದು ಎಳೆ ಏನೆಂದು ಬರೆದುಬಿಡಬಹುದು. ಅಕ್ಕ ಅದರ ಸುತ್ತ ಎರಡು ಸಲ ಬಂದಳು, ದೇವಸ್ಥಾನದಲ್ಲಿ ಬಂದ ಹಾಗೆ.

ಆರನೇ ದಿನ, ಭಾನುವಾರ: ವಿಲ್ಸ್‌ಡನ್

ಗೇಟು ತೆರೆದಿತ್ತು. ಒಳಗಿದ್ದ ಸಿಬ್ಬಂದಿ ನಕ್ಷೆ ಕೊಟ್ಟು ದಾರಿ ತೋರಿಸಿದರು. ಹುಲ್ಲು ಒದ್ದೆ, ಬಿಸಿಲು ಎಳೆಯದು. ಫ್ರಾಂಕ್ಲಿನ್ ಸಮಾಧಿ ಮೇಲೆ ವಿಜ್ಞಾನಿ ಅಂತ ಬರೆದಿದೆ. ವೈರಸ್ಸುಗಳ ಮೇಲಿನ ಅವರ ಸಂಶೋಧನೆ ಮನುಕುಲಕ್ಕೆ ಎಂದೆಂದಿಗೂ ಉಪಕಾರ ಅಂತ ಇದೆ. ಡಿಎನ್ಎ ಮಾತು ಇಲ್ಲ. 1953ರಲ್ಲಿ ಕಿಂಗ್ಸ್ ಬಿಟ್ಟು ಬರ್ಕ್‌ಬೆಕ್ ಕಾಲೇಜಿಗೆ ಹೋದ ಮೇಲೆ ಹೊಗೆಸೊಪ್ಪಿನ ಎಲೆಗೆ ಬರುವ ವೈರಸ್ಸು, ಪೋಲಿಯೋ ವೈರಸ್ಸು ಇವುಗಳ ರಚನೆ ಬಿಡಿಸುತ್ತಿದ್ದರು. 1956ರಲ್ಲಿ ಅಂಡಾಶಯದ ಕ್ಯಾನ್ಸರ್ ಅಂತ ತಿಳಿಯಿತು. ಆಮೇಲೂ ಲ್ಯಾಬಿಗೆ ಹೋಗುತ್ತಲೇ ಇದ್ದರು. 1958ರ ಏಪ್ರಿಲ್ 16ರಂದು ತೀರಿಕೊಂಡಾಗ 37 ವರ್ಷ. ನೊಬೆಲ್ ಬಂದದ್ದು 1962ರಲ್ಲಿ, ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಮೂವರಿಗೆ. ಸತ್ತವರಿಗೆ ಅದು ಸಿಗುವುದಿಲ್ಲ.

ಸಮಾಧಿ ಮೇಲೆ ಸಣ್ಣ ಸಣ್ಣ ಕಲ್ಲು ಇಟ್ಟಿದ್ದರು. ಯಹೂದಿಗಳು ಹೂವಿನ ಬದಲು ಕಲ್ಲಿಡುತ್ತಾರೆ. ಅಕ್ಕ ದಾರಿಯ ಬದಿಯಿಂದ ಒಂದು ಕಲ್ಲು ಆರಿಸಿ, ಸೆರಗಿನಲ್ಲಿ ಒರೆಸಿ ಇಟ್ಟಳು. ನಾನು ಸ್ವಲ್ಪ ದೂರ ಹೋಗಿ ನಿಂತೆ. ಕೀಮೋ ನಡೆಯುವಾಗ ಅವಳೂ ಬ್ಯಾಂಕಿನ ಲೆಕ್ಕ ನೋಡುತ್ತಿದ್ದಳು, ಮಲಗಿದಲ್ಲೇ. ಬೇಡ ಅಂದರೆ ಕೇಳುತ್ತಿರಲಿಲ್ಲ.

ಏಳನೇ ದಿನ, ಸೋಮವಾರ: ಕೇಂಬ್ರಿಡ್ಜ್

ಕೇಂಬ್ರಿಡ್ಜ್‌ನಲ್ಲಿ ಫ್ರೀ ಸ್ಕೂಲ್ ಲೇನ್ ಅನ್ನುವುದು ಕಿರಿದಾದ ಓಣಿ. ವಾಟ್ಸನ್, ಕ್ರಿಕ್ ಕೆಲಸ ಮಾಡಿದ ಹಳೇ ಕ್ಯಾವೆಂಡಿಷ್ ಪ್ರಯೋಗಾಲಯ ಇದ್ದದ್ದು ಅಲ್ಲಿ. ಎರಡು ಸೈಕಲ್ ಎದುರಾದರೆ ಒಂದು ನಿಲ್ಲಬೇಕು. ಅಲ್ಲಿಂದ ಎರಡು ನಿಮಿಷ ನಡೆದರೆ ಈಗಲ್ ಪಬ್. 1953ರ ಫೆಬ್ರವರಿ 28ರ ಮಧ್ಯಾಹ್ನ ಕ್ರಿಕ್ ಇಲ್ಲಿಗೆ ಬಂದು, ಜೀವದ ಗುಟ್ಟು ಸಿಕ್ಕಿತು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದರು ಅಂತ ವಾಟ್ಸನ್ ಬರೆದಿದ್ದಾರೆ. ಆ ವರ್ಷ ಏಪ್ರಿಲ್ 25ರ 'ನೇಚರ್' ಪತ್ರಿಕೆಯಲ್ಲಿ ಅವರಿಬ್ಬರ ಲೇಖನ ಬಂತು. ಒಂದು ಪುಟವನ್ನು ಸ್ವಲ್ಪ ದಾಟುತ್ತದೆ, ಅಷ್ಟೇ. ಅದರ ಜೊತೆಯಲ್ಲೇ ವಿಲ್ಕಿನ್ಸ್ ತಂಡದ್ದು, ಆಮೇಲೆ ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರದ್ದು. ಸುರುಳಿಯ ಚಿತ್ರ ಬರೆದದ್ದು ಕ್ರಿಕ್ ಹೆಂಡತಿ ಒಡಿಲ್. ಪಬ್ಬಿನಲ್ಲಿ ಚಹಾ, ಚಿಪ್ಸ್ ತಗೊಂಡೆವು. ಹಿಂದಿನ ಕೋಣೆಯ ಛಾವಣಿ ಮೇಲೆ ಎರಡನೇ ಮಹಾಯುದ್ಧದ ಪೈಲಟ್‌ಗಳು ಮೇಣದಬತ್ತಿ ಹೊಗೆಯಲ್ಲಿ ಬರೆದ ಹೆಸರುಗಳಿವೆ. ಅದನ್ನು ನೋಡದೆ ಬರಬೇಡಿ.

ಪೋರ್ಚುಗಲ್ ಪ್ಲೇಸ್ ಓಣಿಯಲ್ಲಿ ಕ್ರಿಕ್ ಮನೆಯ ಬಾಗಿಲ ಮೇಲೆ ಚಿನ್ನದ ಬಣ್ಣದ ಸುರುಳಿ ಇದೆ. ಒಂದೇ ಎಳೆಯದು. ಈ ಊರಿನಲ್ಲೇ ನಮ್ಮ ಹರಗೋವಿಂದ ಖೊರಾನಾ 1952ರವರೆಗೆ ಕೆಲಸ ಮಾಡುತ್ತಿದ್ದರು. ಡಿಎನ್ಎ ಭಾಷೆಯಲ್ಲಿ ಮೂರು ಮೂರು ಅಕ್ಷರ ಸೇರಿ ಒಂದು ಪದ ಅನ್ನುವುದನ್ನು ಓದಿ ತೋರಿಸಿದವರಲ್ಲಿ ಅವರೂ ಒಬ್ಬರು. 1968ರಲ್ಲಿ ಅವರಿಗೂ ನೊಬೆಲ್ ಬಂತು.

ಮಧ್ಯಾಹ್ನ ಬಸ್ ಹಿಡಿದು ಆಡೆನ್‌ಬ್ರೂಕ್ಸ್ ಆಸ್ಪತ್ರೆಗೆ ಹೋದೆವು. ಆಸ್ಪತ್ರೆಯ ಹಿಂದಿನಿಂದ ಗ್ರೇಟ್ ಶೆಲ್‌ಫರ್ಡ್ ಹಳ್ಳಿವರೆಗೆ ರೈಲು ಹಳಿಯ ಪಕ್ಕದಲ್ಲೇ ಒಂದು ಸೈಕಲ್ ದಾರಿ. ದಾರಿಯ ಮೇಲೆ 10,257 ಬಣ್ಣದ ಪಟ್ಟೆ. ಹಸಿರು, ಕೆಂಪು, ನೀಲಿ, ಹಳದಿ. ಒಂದೊಂದು ಬಣ್ಣ ಡಿಎನ್ಎಯ ಒಂದೊಂದು ಅಕ್ಷರ. ಇಡೀ ದಾರಿ ಒಂದು ಜೀನು. ಅದೇ ಬಿಆರ್‌ಸಿಎ2. 1995ರಲ್ಲಿ ಈ ಜೀನನ್ನು ಗುರುತಿಸುವ ಕೆಲಸದಲ್ಲಿ ಹತ್ತಿರದ ಹಿಂಕ್ಸ್‌ಟನ್‌ನ ಸ್ಯಾಂಗರ್ ಕೇಂದ್ರದ ಪಾಲಿತ್ತು. ಈ ದಾರಿ ವಿಷಯ ನಾನು ಅಕ್ಕನಿಗೆ ಹೇಳಿರಲಿಲ್ಲ. ಇಲ್ಲಿಗೆ ಬಂದು ನಿಂತ ಮೇಲೆ ಹೇಳಿದೆ.

ಅವಳು ಒಂದು ಮಾತೂ ಆಡದೆ ನಡೆಯಲು ಶುರುಮಾಡಿದಳು. ಎಡಗಡೆ ಇರಿ, ಹಿಂದಿನಿಂದ ಸೈಕಲ್ ವೇಗವಾಗಿ ಬರುತ್ತವೆ. ಒಂದು ಪುಟ್ಟ ಹುಡುಗಿ ಅಪ್ಪನ ಕೈ ಬಿಡಿಸಿಕೊಂಡು ಕೆಂಪು ಪಟ್ಟೆಯಿಂದ ಕೆಂಪು ಪಟ್ಟೆಗೆ ಕುಪ್ಪಳಿಸುತ್ತಿದ್ದಳು. ಎರಡೂ ಕಡೆ ಹೊಲ, ತಂಗಾಳಿ.

"ನನ್ನದು ಏನಾಗಿತ್ತು, ಇನ್ನೊಂದು ಸಲ ಹೇಳು" ಅಂದಳು. ಒಂದೇ ಒಂದು ಅಕ್ಷರ ಬಿದ್ದುಹೋಗಿತ್ತು. ನಾನು ಕನ್ನಡದಲ್ಲೇ ಹೇಳಿದೆ. 'ಅರಸ ಕಮಲ ತರಲಿ' ಅಂತ ಇದೆ ಅಂದುಕೋ. ಎಲ್ಲ ಮೂರು ಮೂರು ಅಕ್ಷರದ ಪದ. ಮೊದಲ ಪದದ 'ರ' ಬಿದ್ದರೆ, ಓದುವವನು ಮಾತ್ರ ಮೂರು ಮೂರೇ ಓದಿಕೊಂಡು ಹೋದರೆ, 'ಅಸಕ ಮಲತ ರಲಿ' ಅಂತ ಆಗುತ್ತದೆ. ಅಲ್ಲಿಂದ ಮುಂದಕ್ಕೆ ಯಾವ ಪದಕ್ಕೂ ಅರ್ಥ ಇರುವುದಿಲ್ಲ. ಪದಕ್ಕೊಂದರಂತೆ 3,418 ಮಣಿ ಪೋಣಿಸಿ ಆಗಬೇಕಿದ್ದ ಪ್ರೋಟೀನ್ ಅರ್ಧಕ್ಕೇ ನಿಂತುಬಿಡುತ್ತದೆ. ಮುರಿದ ಡಿಎನ್ಎಯನ್ನು ರಿಪೇರಿ ಮಾಡುವುದು ಆ ಪ್ರೋಟೀನಿನ ಕೆಲಸ.

ಅವಳ ವರದಿಯಲ್ಲಿ ಆರು ಸಾವಿರದ ಚಿಲ್ಲರೆ ಅಂತ ಒಂದು ಸಂಖ್ಯೆ ಇದೆ. ಅವಳಿಗೆ ಅದು ಬಾಯಿಪಾಠ. ಹತ್ತು ಸಾವಿರದಲ್ಲಿ ಆರು ಸಾವಿರ, ಅಂದರೆ ಅರ್ಧ ದಾರಿ ಕಳೆದು ಇನ್ನೂ ಸ್ವಲ್ಪ ಮುಂದೆ. ಎಣಿಸಲು ಆಗುವ ಮಾತಲ್ಲ. ಅಂದಾಜಿನ ಮೇಲೆ ಒಂದು ಕಡೆ ನಿಂತಳು. ಬಗ್ಗಿ ಅಂಗೈಯಿಂದ ಒಂದು ಪಟ್ಟೆ ಮುಟ್ಟಿದಳು. ಮೂರು ಬೆರಳಗಲ ಇರಬಹುದು. ಬಿಸಿಲಿಗೆ ಬೆಚ್ಚಗಿದೆ ಅಂದಳು.

"ಇದೇ ಅಂದ್ಕೋ." ಚಪ್ಪಲಿ ಬಿಚ್ಚಿ ಅದರ ಮೇಲೆ ಕಾಲಿಟ್ಟಳು. "ಇಷ್ಟೇ ಇಷ್ಟು ಅಲ್ವಾ?"

ಹಿಂದಿನಿಂದ ಸೈಕಲ್ ಗಂಟೆ ಕೇಳಿತು. ಇಬ್ಬರೂ ಹುಲ್ಲಿನ ಮೇಲೆ ಸರಿದು ನಿಂತೆವು. ಆಮೇಲೆ ಅವಳು ಚಪ್ಪಲಿ ಕೈಯಲ್ಲೇ ಹಿಡಿದು, ಉಳಿದ ಪಟ್ಟೆಗಳ ಮೇಲೆ ಬರಿಗಾಲಲ್ಲಿ ಶೆಲ್‌ಫರ್ಡ್‌ವರೆಗೂ ನಡೆದಳು. ಅಲ್ಲಿಂದ ಲಂಡನ್‌ಗೆ ರೈಲು ಸಿಗುತ್ತದೆ.